ಒಂದು ಗಂಟೆ ಹಿಂದಿದ್ದ ಮನೆ

ಸರಕಾರಕ್ಕೆ ಬೇರೆ ಕೆಲಸವಿಲ್ಲದಾಗ ಗಡಿಯಾರದ ಮುಳ್ಳಿಗೆ ಕೈ ಹಾಕುತ್ತದೆ ಎಂದು ಸಿ ಅಬ್ದುಲ್ ಹೈ, ಅಂದರೆ ಅಬ್ದುಲ್ ಹೈ ಸಾಹೇಬ, ಹೇಳುತ್ತಿದ್ದ. ಹೇಳುವ ಹಕ್ಕು ಅವನಿಗಿತ್ತು. ಫೆಸ್ ಊರಿನ ಹಳೆಯ ಪೇಟೆಯಲ್ಲಿ ಒಂದು ಮಸೀದಿಯ ಗಡಿಯಾರಗಳಿಗೆ ಕೀಲಿ ಕೊಟ್ಟು, ಧೂಳು ಒರೆಸಿ, ನಮಾಜಿನ ಹೊತ್ತು ಹೇಳುತ್ತ ತಲೆ ನರೆಸಿಕೊಂಡವನು ಅವನು. ಕೆಲವು ವರ್ಷಗಳ ಹಿಂದೆ ಮೊರಾಕ್ಕೊ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿ, ಇನ್ನು ಮೇಲೆ ಇದೇ ಕಾಯಂ ಎಂದು ಸಾರಿದಾಗ, ಮಸೀದಿಯ ಗಡಿಯಾರಗಳನ್ನು ಅವನು ತುಟಿ ಪಿಟಕ್ಕೆನ್ನದೆ ತಿರುಗಿಸಿದ. ಮನೆಯ ಗೋಡೆಯ ಗಡಿಯಾರವನ್ನೂ ತನ್ನ ಕೈಗಡಿಯಾರವನ್ನೂ ಮಾತ್ರ ಮುಟ್ಟಲಿಲ್ಲ.

"ಹೊರಗೆ ಹೊಸ ಗಂಟೆ ಇರ್ಲಿ. ಈ ಹೊಸಿಲೊಳಗೆ ಹಳೇ ಗಂಟೆನೇ," ಎಂದ.

ಹೆಂಡತಿ ಬತೂಲ್ ಅದನ್ನು ಗಂಡನ ಮೊಂಡುತನದ ಲೆಕ್ಕಕ್ಕೆ ಸೇರಿಸಿ ಸುಮ್ಮನಾದಳು. ಆ ಲೆಕ್ಕದಲ್ಲಿ ಆಗಲೇ ಬೇಕಾದಷ್ಟು ಜಮೆಯಾಗಿತ್ತು.

ಅಂದಿನಿಂದ ಆ ಮನೆ ಊರಿಗಿಂತ ಒಂದು ಗಂಟೆ ಹಿಂದೆ. ಗೋಡೆ ನೋಡುವುದು, ಒಂದು ಕೂಡಿಸುವುದು, ಆಮೇಲೆ ಬಾಗಿಲು ದಾಟುವುದು: ಬತೂಲ್‌ಗೆ ಅದು ಉಸಿರಾಟದಷ್ಟೇ ರೂಢಿಯಾಯಿತು. ರಮ್ಜಾನ್ ತಿಂಗಳಲ್ಲಿ ಮಾತ್ರ ಸರಕಾರ ಉಪವಾಸದವರ ಮೇಲೆ ಕನಿಕರಪಟ್ಟು ಮುಳ್ಳನ್ನು ಮತ್ತೆ ಹಿಂದಕ್ಕೆ ಎಳೆಯುತ್ತಿತ್ತು. ಆಗ ಊರೂ ಮನೆಯೂ ಒಂದೇ ಹೊತ್ತಿನಲ್ಲಿ ಬದುಕುತ್ತಿದ್ದವು. "ನೋಡಿದ್ಯಾ, ದಾರಿಗೆ ಬಂದ್ರು," ಎಂದು ಮುದುಕ ಮೀಸೆಯಡಿಯಲ್ಲಿ ನಗುತ್ತಿದ್ದ. ಹಬ್ಬ ಕಳೆದು ಬರುವ ಭಾನುವಾರ ಊರು ಮತ್ತೆ ಮುಂದೆ ಓಡುತ್ತಿತ್ತು. ಮನೆ ಇದ್ದಲ್ಲೇ ಇರುತ್ತಿತ್ತು.

ಅವನನ್ನು ಆ ಮಾರಿ ರೋಗ ಬಂದ ಮೊದಲ ವರ್ಷವೇ ಒಯ್ದಿತು. ಹೆಣ ಹೊರಲು ನಾಲ್ಕೇ ಜನ, ಅಳಲು ಬರಬೇಕಾದವರೆಲ್ಲ ತಂತಮ್ಮ ಮನೆಯೊಳಗೆ ಬೀಗ. ಆಮೇಲೆ ಬತೂಲ್ ಅವನ ಕೈಗಡಿಯಾರವನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡಳು. ಪಟ್ಟಿ ದೊಡ್ಡದು, ಮೊಣಕೈವರೆಗೂ ಜಾರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೆ ಅದಕ್ಕೆ ಕೀಲಿ ಕೊಡುವುದು, ಗೋಡೆಯದಕ್ಕೂ ಕೊಡುವುದು. ಹೊತ್ತು ತಿದ್ದಲು ಅವಳಿಗೆ ಮನಸ್ಸಾಗಲಿಲ್ಲ. ಸತ್ತವನ ಮೊಂಡುತನವೇ ಈಗ ಮನೆಯಲ್ಲಿ ಉಳಿದಿದ್ದ ಗಂಡಸಿನ ದನಿ.

ಬತೂಲ್ ಹುಟ್ಟಿದ್ದು ಫೆಸ್‌ನಲ್ಲಲ್ಲ. ಮರಳುಗಾಡಿನ ಆಚೆ, ಸಮುದ್ರದ ದಂಡೆಯ ಡಕಾರ್‌ನಲ್ಲಿ. ಅಪ್ಪ ಫೆಸ್‌ನ ಹಳದಿ ಚಪ್ಪಲಿಗಳನ್ನು ಅಲ್ಲಿಗೆ ಒಯ್ದು ಮಾರುವ ವ್ಯಾಪಾರಿ. ಆ ಊರಿನಲ್ಲೇ ಅಂಗಡಿ ಇಟ್ಟು, ಆ ಊರಿನ ಹೆಣ್ಣನ್ನೇ ಕೈಹಿಡಿದು, ಎರಡು ಹೆಣ್ಣುಮಕ್ಕಳ ತಂದೆಯಾದ. ಮುದಿ ತಾಯಿಯನ್ನು ನೋಡಿಕೊಳ್ಳಲು ಹಿಂತಿರುಗುವ ದಿನ ಬಂದಾಗ ಹೆಂಡತಿ ನಾನು ಬರಲೊಲ್ಲೆ ಎಂದಳು. ಗಂಡ ಹೆಂಡತಿ ಕೂತು ಮಾತಾಡಿ, ಚಪ್ಪಲಿಯ ಜೋಡಿ ಒಡೆದಂತೆ ಮಕ್ಕಳನ್ನು ಒಡೆದರು. ದೊಡ್ಡವಳು ಅಪ್ಪನಿಗೆ, ಚಿಕ್ಕವಳು ಅಮ್ಮನಿಗೆ. ಬತೂಲ್‌ಗೆ ಆಗ ಒಂಬತ್ತು ವರ್ಷ, ಸೋಖ್ನಾಳಿಗೆ ಆರು.

ಹಡಗು ಬಿಡುವ ದಿನದ ನೆನಪು ಬತೂಲ್‌ಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಜನರ ನೂಕುನುಗ್ಗಲಿನಲ್ಲಿ ಸೋಖ್ನಾಳ ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಬಂದರಿನ ಕಲ್ಲು ಕಾದ ಹೆಂಚಿನಂತಿತ್ತು. ಪಾಪ, ಆ ಮಗು ಚಪ್ಪಲಿಯಿದ್ದ ಕಾಲಿನ ಮೇಲೆ ಒಂಟಿಯಾಗಿ ನಿಂತು, ಅಮ್ಮನ ಸೆರಗು ಹಿಡಿದು, ಬಿಡದೆ ಕೈ ಬೀಸುತ್ತಿತ್ತು. ಹಡಗು ದೂರವಾದಂತೆ ಅಮ್ಮನ ಮುಖ ಮಸುಕಾಯಿತು. ಒಂಟಿಕಾಲಿನ ಆ ಪುಟ್ಟ ಆಕಾರ ಮಾತ್ರ ಬಹಳ ಹೊತ್ತು ಕಾಣುತ್ತಿತ್ತು.

ಆಮೇಲೆ ಇಪ್ಪತ್ತೈದು ವರ್ಷ ಅಕ್ಕತಂಗಿ ಮುಖ ನೋಡಲಿಲ್ಲ. ಒಂದು ವಸಂತದಲ್ಲಿ ಡಕಾರ್‌ನಿಂದ ಫೆಸ್‌ನ ಸಂತರ ಗೋರಿಗೆ ಹರಕೆ ಹೊತ್ತು ಬರುವವರ ಗುಂಪಿನೊಂದಿಗೆ ದಪ್ಪನೆಯ ಹೆಂಗಸೊಬ್ಬಳು ಬಂದು ಬಾಗಿಲು ಬಡಿದಳು. ತಲೆಯ ಮೇಲೆ ಬಣ್ಣದ ಮುಂಡಾಸು, ಕಂಕುಳಲ್ಲಿ ಒಣಮೀನಿನ ಗಂಟು. "ನನ್ನ ಇನ್ನೊಂದು ಚಪ್ಪಲಿ ನಿನ್ನ ಹತ್ರ ಇದೆಯಾ ಅಂತ ಕೇಳೋಕೆ ಬಂದೆ," ಎಂದಳು. ಅಷ್ಟು ಹೇಳಲು ಅರಬ್ಬಿ ಕಲಿತುಕೊಂಡು ಬಂದಿದ್ದಳು. ಬತೂಲ್ ಹೊಸಿಲ ಮೇಲೆಯೇ ಕುಸಿದು ಕೂತು ಅತ್ತಿದ್ದಳು.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಪ್ರತಿವರ್ಷವೂ ಸೋಖ್ನಾ ಬಂದಳು. ಬಂದರೆ ಒಂದು ತಿಂಗಳು. ಮಹಡಿಯ ಕೋಣೆ ಅವಳದ್ದು. ಒಣಮೀನಿನ ವಾಸನೆಗೆ ಓಣಿಯ ಹೆಂಗಸರು ಮೂಗು ಮುಚ್ಚಿಕೊಂಡು ಗೊಣಗುವುದು, ಸಂಜೆಯಾದರೆ ಅವರೇ ಅವಳ ಧೂಪಕ್ಕೂ ನಗೆಗೂ ಮರುಳಾಗಿ ಮಹಡಿ ಹತ್ತುವುದು. ಅವಳ ಚಹಾ ಮೂರು ಸುತ್ತು. ಮೊದಲ ಲೋಟ ಕಹಿ, ಕೊನೆಯದು ಪಾಕ, ನಡುವೆ ಊರೆಲ್ಲ ಮಾತು. ಸಿ ಅಬ್ದುಲ್ ಹೈಯನ್ನು ಅವಳು ಬಿಡುತ್ತಿರಲಿಲ್ಲ. "ಭಾವ, ದೇವರು ಹೊತ್ತು ನೋಡ್ಕೊಂಡು ಸೂರ್ಯನ್ನ ಕಳಿಸ್ತಾನೋ, ಇಲ್ಲ ನಿಮ್ಮನ್ನ ಕೇಳಿ ಕಳಿಸ್ತಾನೋ?" ಎಂದು ಕೆಣಕಿದರೆ, ಮುದುಕ ಚಹಾ ಹೀರುತ್ತ, "ಮೋಡ ಇದ್ದ ದಿನ ನನ್ನನ್ನೇ ಕೇಳ್ತಾನೆ," ಎನ್ನುತ್ತಿದ್ದ. ಹೊರಡುವ ದಿನ ಬತೂಲ್ ತಂಗಿಗೆ ಒಂದು ಜೋಡಿ ಹಳದಿ ಚಪ್ಪಲಿ ಕೊಡುವುದು ಎಂದೂ ತಪ್ಪಿದ್ದಲ್ಲ.

ಬತೂಲ್ ಮಾತ್ರ ಒಮ್ಮೆಯೂ ಡಕಾರ್‌ಗೆ ಹೋಗಲಿಲ್ಲ. ಮೊದಲು ಮಕ್ಕಳು ಚಿಕ್ಕವರು ಎಂದಳು, ಆಮೇಲೆ ಗಂಡನಿಗೆ ಊಟಕ್ಕೆ ಯಾರು ಎಂದಳು. ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಅಮ್ಮನಿಲ್ಲದ ಆ ಊರು ತನ್ನನ್ನು ಯಾರು ನೀನು ಎಂದು ಕೇಳಿದರೆ ಏನು ಹೇಳುವುದು.

ಮಾರಿ ಬಂದ ಮೇಲೆ ಆಕಾಶಕ್ಕೂ ಬೀಗ ಬಿತ್ತು. ಸೋಖ್ನಾ ಬರುವುದು ನಿಂತಿತು. ಭಾವನ ಮಣ್ಣಿಗೂ ಬರಲಾಗಲಿಲ್ಲ. ಮಹಡಿಯ ಕೋಣೆಯಲ್ಲಿ ಧೂಪದ ವಾಸನೆ ಎರಡು ವರ್ಷ ಹೇಗೋ ಉಳಿದುಕೊಂಡಿತ್ತು, ಮೂರನೆಯ ವರ್ಷ ಅದೂ ಹೋಯಿತು.

ಆ ಮೂರನೆಯ ವರ್ಷದ ರಮ್ಜಾನ್‌ನಲ್ಲಿ, ಒಂದು ಸಂಜೆ ಬತೂಲ್ ಹರೀರಾ ಸಾರು ಬಡಿಸಿಕೊಂಡು ಬಾಂಗಿಗೆ ಕಾಯುತ್ತಿದ್ದಾಗ ಫೋನ್ ಬಂತು.

"ಅಕ್ಕಾ, ಕಾಲು ಕೈಕೊಡ್ತು," ಎಂದಳು ಸೋಖ್ನಾ. ತಾನೇ ಹೇಳಿ ತಾನೇ ನಕ್ಕಳು.

"ಏನಾಯ್ತೇ?"

"ಸಕ್ಕರೆ ಕಾಯಿಲೆ ಅಲ್ವಾ. ಹೆಬ್ಬೆರಳು ಕೊಳೀತಿದೆ. ಹಬ್ಬ ಆದ ಮುಂದಿನ ಸೋಮವಾರ ಬೆಳಿಗ್ಗೆ ಮಂಡಿ ಕೆಳಗೆ ತೆಗೀತಾರಂತೆ."

"ಸ್ವಲ್ಪ ಮುಂದಕ್ಕೆ ಹಾಕೋಕಾಗಲ್ವಾ?"

"ಹಾಕಿದ್ರೆ ಮಂಡಿ ಮೇಲೆ ತೆಗೀಬೇಕು ಅಂದ್ರು. ಡಾಕ್ಟರ್ ಹತ್ರ ಚೌಕಾಸಿ ಮಾಡ್ದೆ, ಇಷ್ಟಕ್ಕೆ ಇಳಿದ್ರು." ಆಮೇಲೆ ಅವಳ ದನಿ ತಗ್ಗಿತು. "ಅಕ್ಕಾ, ಇಷ್ಟು ವರ್ಷ ನಾನೇ ಬಂದೆ. ಒಂದ್ಸಲ ನೀನು ಬಾ. ಸೋಮವಾರಕ್ಕೆ ಮುಂಚೆ ಬಾ. ಅವತ್ತು ಒಂಟಿ ಕಾಲಲ್ಲಿ ನಿಂತು ನಿನ್ನ ಕಳಿಸಿದ್ದೆ. ಬಾಗಿಲಲ್ಲಿ ಎರಡು ಕಾಲ ಮೇಲೆ ನಿಂತು ಒಳಗೆ ಕರ್ಕೋಬೇಕು ಅಂತ ಆಸೆ. ಆಮೇಲೆ ಏನ್ ಬೇಕಾದ್ರೂ ಕತ್ತರಿಸ್ಕೊಳ್ಳಲಿ."

ಬಾಂಗು ಆಯಿತು. ಬತೂಲ್ ಖರ್ಜೂರ ಬಾಯಿಗಿಟ್ಟುಕೊಂಡಳು. "ಬರ್ತೀನಿ," ಎಂದಳು.

ಏರ್ಪಾಟೆಲ್ಲ ಮಗಳು ಇಖ್ಲಾಸಳದು. ಅವಳು ಪಕ್ಕದ ಮೆಕ್ನೆಸ್ ಊರಿನಲ್ಲಿ ಶಾಲೆಯ ಟೀಚರು. ಎಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ವಿವರಿಸುವವಳಂತೆ ಮಾತಾಡುತ್ತಾಳೆ, ಫೋನಿನಲ್ಲಿಯೂ.

"ಯಮ್ಮಾ, ಸರಿಯಾಗಿ ಕೇಳ್ಕೋ. ವಿಮಾನ ಕಾಸಾಬ್ಲಾಂಕಾದಿಂದ ಭಾನುವಾರ ಹನ್ನೊಂದೂವರೆಗೆ. ರೋಗ ಇಲ್ಲ ಅಂತ ಚೀಟಿ ತೋರಿಸ್ಬೇಕು. ಮೂಗಿಗೆ ಕಡ್ಡಿ ಹಾಕಿದ ಹೊತ್ತಿಂದ ವಿಮಾನ ಹೊರಡೋ ಹೊತ್ತಿಗೆ ಎಪ್ಪತ್ತೆರಡು ಗಂಟೆ ದಾಟಿರಬಾರದು. ದಾಟಿದ್ರೆ ಚೀಟಿ ಕಸ. ಗುರುವಾರ ಹನ್ನೆರಡಕ್ಕೆ ಲ್ಯಾಬಿನಲ್ಲಿ ಹೇಳಿದೀನಿ."

"ಶುಕ್ರವಾರ ಮಾಡಿಸಿದ್ರೆ ಇನ್ನೂ ತಾಜಾ ಇರುತ್ತಲ್ಲ?"

"ಶುಕ್ರವಾರ ಅರ್ಧ ದಿನ, ಶನಿವಾರ ಬಾಗಿಲೇ ತೆಗೆಯಲ್ಲ. ಉತ್ತರ ಕೈಗೆ ಬರೋದು ಯಾವಾಗ?"

"ಬುಧವಾರ?"

"ಹಬ್ಬದ ರಜ. ರಜ ಇಲ್ದಿದ್ರೂ ಭಾನುವಾರಕ್ಕೆ ಹಳಸಿ ಹೋಗುತ್ತೆ."

"ಅಂದ್ರೆ ರೊಟ್ಟಿ ಹಿಟ್ಟಿನ ಕತೆ ಅನ್ನು," ಎಂದಳು ಬತೂಲ್. ರೊಟ್ಟಿ ಸುಡಲು ಓಣಿಯ ಭಟ್ಟಿಗೆ ದಿನಾ ಹಿಟ್ಟಿನ ಹಲಗೆ ಕಳಿಸುವವಳಿಗೆ ಇದು ಹೊಸದೇನಲ್ಲ. "ಬೇಗ ಕಳಿಸಿದ್ರೆ ಉಬ್ಬಲ್ಲ, ತಡ ಆದ್ರೆ ಹುಳಿ."

"ಹಾಗೇ ಅಂದ್ಕೋ. ಆದ್ರೆ ಹಿಟ್ಟು ಹುಳಿಯಾದ್ರೆ ಇನ್ನೊಂದ್ಸಲ ಕಲಸಬಹುದು. ಇದಾದ್ಮೇಲೆ ಮುಂದಿನ ವಿಮಾನ ಬುಧವಾರ."

ಬುಧವಾರ ಹೋದರೆ ಬಾಗಿಲಲ್ಲಿ ಯಾರೂ ನಿಂತಿರುವುದಿಲ್ಲ.

ಹಬ್ಬ ಮಂಗಳವಾರ ಬಂತು. ಮರುದಿನ ಬತೂಲ್ ಚಪ್ಪಲಿಪೇಟೆಗೆ ಹೋದಳು. ರಜದ ದಿನವಾದರೂ ಒಂದಿಬ್ಬರು ಅರ್ಧ ಬಾಗಿಲು ತೆರೆದಿದ್ದರು. ಅಪ್ಪನ ಕಾಲದ ಅಂಗಡಿಗಳು, ಅದೇ ತೊಗಲಿನ ವಾಸನೆ. ಅವಳು ಹಳದಿ ಜೋಡಿಯೊಂದನ್ನು ಕೈಗೆತ್ತಿಕೊಂಡು, ಅಂಗೈಯಿಂದ ಅಳೆದು, ಹಾಗೆಯೇ ನಿಂತುಬಿಟ್ಟಳು. ಸೋಮವಾರದ ನಂತರ ಒಂದೇ ಕಾಲಿರುವವಳಿಗೆ ಜೋಡಿ ಒಯ್ಯುವುದು ಅಣಕವೇ, ಒಯ್ಯದಿರುವುದು ಅದಕ್ಕಿಂತ ದೊಡ್ಡ ಅಣಕವೇ, ಅವಳಿಗೆ ತಿಳಿಯಲಿಲ್ಲ. ಅಂಗಡಿಯ ಮುದುಕ, "ಸಣ್ಣದಾಯ್ತೇನಮ್ಮಾ?" ಎಂದ. "ಇಲ್ಲ, ಸರಿಯಾಗಿದೆ. ಕಟ್ಟಿಕೊಡು," ಎಂದಳು. ಮನೆಗೆ ಬಂದು ಅದನ್ನು ಚೀಲದ ತಳದಲ್ಲಿ, ಒಣಗಿಸಿ ಕೊಬ್ಬಿನಲ್ಲಿ ಹಾಕಿದ ಮಾಂಸದ ಜಾಡಿಯ ಪಕ್ಕ ಇಟ್ಟಳು.

ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೆಯ ಜೆಲ್ಲಾಬ ನಿಲುವಂಗಿ ತೊಟ್ಟು, ಗೋಡೆ ನೋಡಿದಳು. ಹತ್ತು ಗಂಟೆ. ಒಂದು ಕೂಡಿಸಿದಳು: ಹನ್ನೊಂದು. ಹೊರಡುವ ಹೊತ್ತು.

ತಪ್ಪಾದದ್ದು ಇಲ್ಲಿಯೇ. ಹಬ್ಬ ಮುಗಿದಿತ್ತು, ಬಾದಾಮಿಯ ಕೊಂಬುಕಜ್ಜಾಯ ಡಬ್ಬಿಯಲ್ಲಿ ಮೂರೇ ಉಳಿದಿತ್ತು. ಹಬ್ಬ ಮುಗಿಯಿತೆಂದರೆ ಊರು ಹೊಸ ಗಂಟೆಗೆ ಓಡಿತು ಎಂದೇ ಅವಳ ಲೆಕ್ಕ. ಊರು ಓಡುವುದು ಭಾನುವಾರ, ಅಲ್ಲಿಯವರೆಗೆ ಊರೂ ಮನೆಯೂ ಒಂದೇ ಹೊತ್ತು ಎಂಬುದು ನೆನಪಿಗೆ ಬರಲಿಲ್ಲ. ಗಂಡನಿದ್ದಿದ್ದರೆ ಬಾಗಿಲಲ್ಲೇ ತಡೆದು, "ಇನ್ನೂ ನಮ್ಮ ರಾಜ್ಯ ಕಣೇ," ಎನ್ನುತ್ತಿದ್ದ. ಅವನಿರಲಿಲ್ಲ. ಆದ್ದರಿಂದ ಹತ್ತು ಗಂಟೆಗೇ ಹೊರಟ ಬತೂಲ್, ಹನ್ನೊಂದಕ್ಕೆ ಹೊರಟೆ ಎಂದುಕೊಂಡು ಕತ್ತೆಗಳಿಗೆ ದಾರಿ ಬಿಡುತ್ತ ಓಣಿ ಇಳಿದು, ಟ್ಯಾಕ್ಸಿ ಹಿಡಿದು ಹೊಸಪೇಟೆಯ ಲ್ಯಾಬಿಗೆ ಹೋದಳು.

ಲ್ಯಾಬು ಖಾಲಿ ಹೊಡೆಯುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿದ್ದ ಹೆಂಗಸು, "ಬೇಗ ಬಂದ್ಬಿಟ್ರಲ್ಲ ಅಮ್ಮಾ. ಬನ್ನಿ, ಯಾರೂ ಇಲ್ಲ, ಮುಗಿಸ್ಬಿಡೋಣ," ಎಂದಳು.

"ಬೇಗ ಬಂದವರಿಗೆ ಬಿಸಿ ರೊಟ್ಟಿ," ಎಂದು ಬತೂಲ್ ಹಿಗ್ಗಿನಿಂದ ಕೂತಳು. ಹನ್ನೆರಡಕ್ಕೆ ಹತ್ತು ನಿಮಿಷ ಮುಂಚೆ ಬಂದಿದ್ದೇನೆ ಎಂದು ಅವಳ ಎಣಿಕೆ. ಕಡ್ಡಿ ಮೂಗಿನೊಳಗೆ ಹೋಗಿ ನೆತ್ತಿ ಮುಟ್ಟಿದಂತಾಗಿ ಕಣ್ಣಲ್ಲಿ ನೀರು ಬಂತು. "ಏನ್ ಹುಡುಕ್ತಿದೀಯ ತಾಯೀ, ಅಲ್ಲಿ ಯಾರೂ ಚಿನ್ನ ಹೂತಿಟ್ಟಿಲ್ಲ," ಎಂದಳು. ಹೆಂಗಸು ನಕ್ಕು, ಗೋಡೆ ನೋಡಿ, ಹೊತ್ತು ಬರೆದುಕೊಂಡಳು.

ಮಧ್ಯಾಹ್ನ ಇಖ್ಲಾಸ್ ಫೋನ್ ಮಾಡಿದಳು. "ಆಯ್ತಾ ಯಮ್ಮಾ? ಹೇಳಿದ ಹೊತ್ತಿಗೆ?"

"ಹೇಳಿದ ಹೊತ್ತಿಗೆ. ನಾನು ನಿಮ್ಮಪ್ಪನ ಹೆಂಡತಿ ಕಣೇ."

ಮರುದಿನ ಚೀಟಿ ಬಂತು. ರೋಗವಿಲ್ಲ. ಬತೂಲ್ ಅದನ್ನು ನಾಲ್ಕು ಮಡಿಕೆ ಮಾಡಿ ಎದೆಯ ಚೀಲದಲ್ಲಿ ಇಟ್ಟು ಪಿನ್ನು ಚುಚ್ಚಿಕೊಂಡಳು. ಶನಿವಾರ ರೈಲು ಹತ್ತಿದಳು. ಮೆಕ್ನೆಸ್‌ನಲ್ಲಿ ಇಖ್ಲಾಸ್ ಜೊತೆಯಾದಳು. ಕಿಟಕಿಯಾಚೆ ಗೋಧಿಯ ಹೊಲ, ಕೆಂಪು ಹೂವು. ಚಿಕ್ಕಂದಿನಲ್ಲಿ ಬತೂಲ್ ಅಪ್ಪನೊಂದಿಗೆ ಹಡಗಿಳಿದು ಇದೇ ದಾರಿಯಲ್ಲಿ ಬಂದಿದ್ದಳು, ಆಗ ಅಪ್ಪ ಮೊಟ್ಟೆ ಸುಲಿದು ಜೀರಿಗೆ ಉಪ್ಪು ಹಚ್ಚಿ ಕೊಡುತ್ತಿದ್ದ, ಅವಳು ತಿನ್ನದೆ ಅರ್ಧವನ್ನು ತಂಗಿಗೆಂದು ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಕಾಗದಪತ್ರ, ಕಡ್ಡಿ, ಗಂಟೆ ಯಾವುದೂ ಇಲ್ಲದ ಕಾಲ. ಅಪ್ಪನ ಕೈಯೊಂದಿದ್ದರೆ ಸಮುದ್ರ ದಾಟಬಹುದಿತ್ತು.

ರಾತ್ರಿ ಕಾಸಾಬ್ಲಾಂಕಾದಲ್ಲಿ ಇಖ್ಲಾಸಳ ಗೆಳತಿಯ ಮನೆಯಲ್ಲಿ ಮಲಗಿದರು. ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ನಿಲ್ದಾಣದಲ್ಲಿದ್ದರು.

ಟಿಕೆಟ್ ನೋಡುವ ಹುಡುಗಿಯ ಕಣ್ಣು ಕೆಂಪಗಿದ್ದವು, ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ ಆಕಳಿಸುತ್ತಿದ್ದಳು. ಚೀಟಿಯ ನಾಲ್ಕೂ ಮಡಿಕೆ ಬಿಡಿಸಿ ಓದಿದಳು. ವಿಮಾನದ ಹೊತ್ತು ನೋಡಿದಳು. ಮತ್ತೆ ಚೀಟಿ ನೋಡಿದಳು.

"ಹಾಜ್ಜಾ, ಇದು ಗುರುವಾರ ಹತ್ತು ಐವತ್ತಕ್ಕೆ ತೆಗೆದದ್ದು. ವಿಮಾನ ಇವತ್ತು ಹನ್ನೊಂದೂವರೆಗೆ. ಎಪ್ಪತ್ತೆರಡು ಗಂಟೆ ಮೀರಿ ನಲವತ್ತು ನಿಮಿಷ ಆಗುತ್ತೆ."

"ಹನ್ನೊಂದು ಐವತ್ತು ಇರ್ಬೇಕು ನೋಡಿ," ಎಂದು ಇಖ್ಲಾಸ್ ಚೀಟಿ ಎಳೆದುಕೊಂಡಳು. ಹತ್ತು ಐವತ್ತೇ ಇತ್ತು. ಅವಳು ನಿಧಾನವಾಗಿ ತಾಯಿಯ ಕಡೆ ತಿರುಗಿದಳು. "ಯಮ್ಮಾ. ಗುರುವಾರ ಗೋಡೆ ನೋಡಿದ್ಯಾ?"

"ನೋಡ್ದೆ."

"ಒಂದು ಕೂಡಿಸಿದ್ಯಾ?"

"ಕೂಡಿಸ್ದೆ."

"ಯಾಕಮ್ಮಾ ಕೂಡಿಸ್ದೆ. ಊರು ಇನ್ನೂ ಹಳೇ ಗಂಟೇಲೇ ಇತ್ತಲ್ಲಮ್ಮಾ. ಇವತ್ತಲ್ವಾ ಬದಲಾಗಿದ್ದು." ಇಖ್ಲಾಸಳ ದನಿ ಒಡೆಯಿತು. "ಅಪ್ಪ ಸತ್ತು ಎರಡು ವರ್ಷ ಆಯ್ತು, ಅವರ ಗಡಿಯಾರ ಇನ್ನೂ ನಮ್ಮನ್ನ ಕಾಡ್ತಿದೆ."

ಬತೂಲ್ ತನ್ನ ಚೀಲದ ಮೇಲೆ ಕೂತುಬಿಟ್ಟಳು. ಅದರೊಳಗೆ ಜಾಡಿ ಇತ್ತು, ಚಪ್ಪಲಿ ಇತ್ತು. ಸೋಖ್ನಾ ಈಗ ಎದ್ದಿರುತ್ತಾಳೆ, ಮೀಯುತ್ತಿರುತ್ತಾಳೆ, ಮುಂಡಾಸು ಸುತ್ತಿಕೊಳ್ಳುತ್ತಿರುತ್ತಾಳೆ. ಅರವತ್ತೈದು ವರ್ಷ ಹೋಗದೆ ಉಳಿದವಳು ಹೊರಟ ದಿನ ಹೀಗಾಯಿತಲ್ಲ. ಬೇಗ ಹೋದದ್ದೇ ತಪ್ಪಾಯಿತೆಂದು ಯಾರಿಗೆ ಹೇಳುವುದು. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ಅಳುವೂ ಬಂತು. ಕಣ್ಣೊರೆಸಲು ಕೈ ಎತ್ತಿದಾಗ ಗಡಿಯಾರ ಮೊಣಕೈಗೆ ಜಾರಿತು. ಅದರಲ್ಲಿ ಎಂಟೂಕಾಲು.

ಹುಡುಗಿಗೂ ಅದು ಕಂಡಿತು. ಏನಾದರೂ ಸಮಾಧಾನದ ಮಾತಾಡಬೇಕೆಂದು, "ಹಾಜ್ಜಾ, ನಿಮ್ಮ ಗಡಿಯಾರ ಹಿಂದೆ ಬಿದ್ದಿದೆ," ಎಂದಳು.

"ನಾನಿನ್ನೂ ಹಜ್ ಮಾಡಿ ಹಾಜ್ಜಾ ಆಗಿಲ್ಲ," ಎಂದಳು ಬತೂಲ್, ಮೂಗೊರೆಸಿಕೊಂಡು. "ಗಡಿಯಾರನೂ ಹಿಂದೆ ಬಿದ್ದಿಲ್ಲ ಮಗಳೇ. ನೀವೇ ಎಲ್ಲಾ ಸೇರ್ಕೊಂಡು ರಾತ್ರಿ ನಾನು ಮಲಗಿದ್ದಾಗ ಒಂದು ಗಂಟೆ ನುಂಗಿದ್ರಿ. ಬೆಕ್ಕು ಹಾಲು ಕುಡಿದ ಹಾಗೆ. ಈಗ ನನ್ನ ಹತ್ರ ನಲವತ್ತು ನಿಮಿಷಕ್ಕೆ ಜಗಳ ಆಡ್ತೀರಿ."

"ನಂದೂ ನುಂಗಿದ್ರು ಬಿಡಿ," ಎಂದಳು ಹುಡುಗಿ. "ಅಲಾರಂ ಹೊಡೆದ್ರೂ ಏಳೋಕಾಗ್ದೆ ತಡ ಆಗಿ ಬಂದೆ. ಬೆಳಿಗ್ಗೆ ಬೆಳಿಗ್ಗೆನೇ ಬೈಸ್ಕೊಂಡೆ. ಕಣ್ಣು ಉರೀತಿದೆ, ಆ ಒಂದು ಗಂಟೆ ನಿದ್ದೆ—"

ಮಾತು ಅಲ್ಲಿಗೇ ನಿಂತಿತು. ಹುಡುಗಿ ಚೀಟಿಯನ್ನು ಮತ್ತೆ ಎಳೆದುಕೊಂಡಳು. ತುಟಿ ಅಲುಗಾಡಿಸುತ್ತ ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಇಖ್ಲಾಸಳೂ ಅವಳ ಬೆರಳನ್ನೇ ನೋಡುತ್ತ ತಾನೂ ಎಣಿಸತೊಡಗಿದಳು. ಇಬ್ಬರೂ ಒಟ್ಟಿಗೆ ತಲೆ ಎತ್ತಿದರು.

"ರಾತ್ರಿ ಎರಡು ಹೊಡೆದ ಕೂಡ್ಲೇ ಮೂರು ಮಾಡಿದ್ರಲ್ಲ," ಎಂದಳು ಹುಡುಗಿ. "ನಡುವಿನ ಗಂಟೆ ನಡೀಲೇ ಇಲ್ಲ. ಚೀಟಿ ಹಳೇ ಗಂಟೇದು, ವಿಮಾನ ಹೊಸ ಗಂಟೇದು. ಇಲ್ಲದ ಗಂಟೇನ ನಾನು ಎಣಿಸ್ಬಿಟ್ಟಿದೀನಿ."

"ಎಪ್ಪತ್ತೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷ ಕಡಿಮೆ," ಎಂದಳು ಇಖ್ಲಾಸ್. ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ಕಿವಿ ಕೆಂಪಾಗಿತ್ತು.

ಹುಡುಗಿ ತನ್ನ ಮೇಲಧಿಕಾರಿಯನ್ನು ಕರೆದಳು. ಬೆಳಿಗ್ಗೆ ಅವಳಿಗೆ ಬೈದವನು ಇವನೇ ಇರಬೇಕು, ಮುಖ ಇನ್ನೂ ಗಂಟಿಕ್ಕಿಯೇ ಇತ್ತು. ಅವನು ಮೊಬೈಲಿನಲ್ಲಿ ಒಂದು ಸಲ ಕೂಡಿ ಕಳೆದ, ನಂಬದೆ ಇನ್ನೊಂದು ಸಲ ಕೂಡಿ ಕಳೆದ. "ಹೌದು," ಎಂದ, ದೊಡ್ಡ ದಾನ ಮಾಡಿದವನಂತೆ. ಚೀಟಿಯ ಮೇಲೆ ಮುದ್ರೆ ಬಿತ್ತು.

ಒಳಗೆ ಹೋಗುವ ಮೊದಲು ಇಖ್ಲಾಸ್ ತಾಯಿಯ ಹಣೆಗೆ ಮುತ್ತಿಟ್ಟು, ನಗುತ್ತ ಅಳುತ್ತ, "ಅಪ್ಪನ ಗಡಿಯಾರ ಮುಳುಗಿಸ್ತು, ಸರಕಾರದ ಗಡಿಯಾರ ತೇಲಿಸ್ತು," ಎಂದಳು.

"ಅವರಿಗೆ ಕೇಳಿಸೋ ಹಾಗೆ ಹೇಳ್ಬೇಡ. ಗೋರಿಯೊಳಗೂ ಮುಖ ಊದಿಸ್ಕೊಂಡಾರು," ಎಂದಳು ಬತೂಲ್.

ಡಕಾರ್‌ನಲ್ಲಿ ಸೋಖ್ನಾಳ ಮಗ ಕಾರು ತಂದಿದ್ದ. ದಾರಿಯುದ್ದಕ್ಕೂ ಬತೂಲ್ ಕಿಟಕಿಗೆ ಮುಖ ಒತ್ತಿ ಕೂತಳು. ಒಂದೂ ಗುರುತು ಸಿಗಲಿಲ್ಲ. ಆದರೆ ಕಾರು ಸಣ್ಣ ಬೀದಿಗೆ ತಿರುಗಿದಾಗ ಒಲೆಯ ಮೇಲೆ ಮೀನು ಬೇಯುವ ವಾಸನೆ ಬಂತು, ಯಾರೋ ಹೆಂಗಸು ಯಾವುದೋ ಮಗುವನ್ನು ಗದರಿಸುವುದು ಕೇಳಿಸಿತು, ಮತ್ತು ಆ ಬೈಗುಳ ಅವಳಿಗೆ ಅರ್ಥವಾಯಿತು. ಮರೆತೇಹೋಗಿದೆ ಎಂದುಕೊಂಡಿದ್ದ ಅಮ್ಮನ ಮಾತು. ಊರು ಅವಳನ್ನು ಯಾರು ನೀನು ಎಂದು ಕೇಳಲಿಲ್ಲ.

ನೀಲಿ ಬಾಗಿಲು ಹಾರು ಹೊಡೆದಿತ್ತು. ಸೋಖ್ನಾ ಹೊಸಿಲ ಮೇಲೆ ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಒಂದು ಕೈ ಗಾಳಿಯಲ್ಲಿ. ಹಿಂದೆ ಸೊಸೆ ಕುರ್ಚಿ ಹಿಡಿದುಕೊಂಡು ಕಾದಿದ್ದಳು, ಅವಳನ್ನು ಹತ್ತಿರ ಬರಗೊಟ್ಟಿರಲಿಲ್ಲ. ಎಡಗಾಲಿಗೆ ದಪ್ಪನೆ ಬಟ್ಟೆ ಸುತ್ತಿತ್ತು. ಆದರೂ ಎರಡೂ ಪಾದ ನೆಲಕ್ಕೆ ಊರಿದ್ದವು. ಮುಖದ ತುಂಬ ಬೆವರು.

"ಎಷ್ಟು ಹೊತ್ತಿಂದ ನಿಂತಿದೀಯೇ ಹುಚ್ಚೀ?" ಎಂದಳು ಬತೂಲ್.

"ನಿನ್ನ ವಿಮಾನ ಇಳೀತು ಅಂದಾಗಿಂದ. ಬಲಗಾಲಿಟ್ಟು ಒಳಗೆ ಬಾ. ಇದು ನಿನ್ನ ಮನೆ."

ಬತೂಲ್ ಬಲಗಾಲಿಟ್ಟು ಹೊಸಿಲು ದಾಟಿ ತಂಗಿಯನ್ನು ಅಪ್ಪಿಕೊಂಡಳು. ಹೆಗಲ ಮೇಲಿಂದ ಒಳಗಿನ ಗೋಡೆಯ ಗಡಿಯಾರ ಕಂಡಿತು. ಅಭ್ಯಾಸಬಲದಿಂದ ತನ್ನ ಮಣಿಕಟ್ಟು ನೋಡಿಕೊಂಡಳು. ಎರಡರಲ್ಲೂ ಒಂದೇ ಹೊತ್ತು. ಮೂರೂಕಾಲು.

"ಇದೇನೇ, ನಿಮ್ಮನೇಲೂ ಹಳೇ ಗಂಟೆ?"

"ನಮ್ಮ ದೇಶದಲ್ಲಿ ಇರೋದೇ ಇದೊಂದು ಗಂಟೆ ಅಕ್ಕಾ," ಎಂದಳು ಸೋಖ್ನಾ. "ಭಾವ ನಿಂಗೆ ಹೇಳ್ಲಿಲ್ವಾ? ನಿಮ್ಮಲ್ಲಿ ಗಡಿಯಾರ ಬದಲಾಯಿಸಿದ ದಿನ ಫೋನ್ ಮಾಡಿದ್ರು. ಅಲ್ಲಿ ಈಗ ಎಷ್ಟು ಗಂಟೆ ಅಂದ್ರು. ಹೇಳ್ದೆ. ಸರಿ ಹಾಗಾದ್ರೆ, ನಾನು ಮನೇದು ಮುಟ್ಟಲ್ಲ ಅಂದ್ರು. ಮೊದಲೇ ಇಬ್ಬರ ನಡುವೆ ಅಷ್ಟು ದೊಡ್ಡ ಮರಳುಗಾಡಿದೆ, ಮೇಲೊಂದು ಗಂಟೆ ಬೇರೆ ಯಾಕೆ ಅಂದ್ರು."

ಬತೂಲ್ ಗೋಡೆಯ ಗಡಿಯಾರವನ್ನು ಮತ್ತೆ ನೋಡಿದಳು. ಇಷ್ಟು ವರ್ಷ ಬೆಳಿಗ್ಗೆ ಎದ್ದು ಗೋಡೆ ನೋಡಿದಾಗಲೆಲ್ಲ ಅವಳು ನೋಡಿದ್ದು ತಂಗಿಯ ಹೊತ್ತನ್ನು. "ಸರಕಾರನ ಬೈತಿದ್ರು. ಅಷ್ಟೇ ನಂಗೆ ಗೊತ್ತಿದ್ದಿದ್ದು," ಎಂದಳು ಕೊನೆಗೆ. ಗಂಡ ಸತ್ತ ದಿನ ನಾಲ್ಕು ಜನರ ಮುಂದೆ ಬರದ ಅಳು ಈಗ ತಂಗಿಯ ಹೆಗಲ ಮೇಲೆ ಬಂತು. ಸೋಖ್ನಾ ಅಲುಗಾಡದೆ ಅವಳ ಭಾರವನ್ನೂ ಹೊತ್ತು ನಿಂತಳು.

ಆಮೇಲೆ ಬತೂಲ್ ಬಗ್ಗಿ ಚೀಲದ ತಳದಿಂದ ಹಳದಿ ಚಪ್ಪಲಿ ತೆಗೆದಳು. ನೆಲದ ಮೇಲೆ ಕೂತು ಮೊದಲು ಬಲಗಾಲಿಗೆ ತೊಡಿಸಿದಳು. ಎಡಗಾಲಿನ ಬಟ್ಟೆಯ ಮೇಲೆ ಚಪ್ಪಲಿ ಹಿಡಿಯಲಿಲ್ಲ. ಹಿಮ್ಮಡಿಯ ತೊಗಲನ್ನು ಮಡಚಿ, ಬೆರಳಿಗೆ ನೋವಾಗದಂತೆ, ಸಾಧ್ಯವಾದಷ್ಟು ಒಳಗೆ ಸೇರಿಸಿದಳು. ಸೋಖ್ನಾ ತನ್ನ ಎರಡೂ ಕಾಲುಗಳನ್ನು ಬಹಳ ಹೊತ್ತು ನೋಡಿಕೊಂಡಳು.

"ಜೋಡಿ ಚೆನ್ನಾಗಿದೆ," ಎಂದಳು. "ಕುರ್ಚಿ ತರೋಕೆ ಹೇಳು ಅಕ್ಕಾ. ಇನ್ನು ಕೂತ್ಕೋತೀನಿ."